ಒಣ ಸೀಗಡಿ ಮಾರಿದ ಎಫುರು

ನೈಜೀರಿಯಾದ ಲೇಗೋಸ್‌ನ ಸಂತೆಯಲ್ಲಿ ನನಗೆ ಒಣ ಸೀಗಡಿ ಕೊಡುವ ಅಮ್ಮ ಒಬ್ಬರಿದ್ದಾರೆ. ಕುಂದಾಪುರದವನಿಗೆ ಒಣ ಚಟ್ಲಿ ಸಿಕ್ಕರೆ ಇನ್ನೇನು ಬೇಕು ಹೇಳಿ. ಅಳತೆಗೆ ಟೊಮೆಟೊ ಪೇಸ್ಟಿನ ಖಾಲಿ ಡಬ್ಬ, ಅದಕ್ಕಿಲ್ಲಿ ಡೆರಿಕಾ ಅಂತಲೇ ಹೆಸರು. ಚೌಕಾಸಿ ಶುರು ಮಾಡಿದರೆ 'ಕಸ್ಟಮರ್!' ಅಂತ ಒಂದು ಸಲ ನೋಡುತ್ತಾರೆ, ಅಷ್ಟೇ, ನಾನು ದುಡ್ಡು ತೆಗೆಯುತ್ತೇನೆ.

ಹಾಗಾಗಿ ಇಲ್ಲಿನ ಲೇಖಕಿ ಫ್ಲೋರಾ ನ್ವಾಪಾ ಅವರ 'ಎಫುರು' ಓದುವಾಗ ಗುರುತಿನವರ ಮನೆಗೆ ಹೋದಂತಾಯಿತು. 1966ರ ಕಾದಂಬರಿ. ಎಫುರು ತೆರ ಕಟ್ಟಲು ಕಾಸಿಲ್ಲದ ಹುಡುಗನನ್ನು ಇಷ್ಟಪಟ್ಟು, ಯಾರನ್ನೂ ಕೇಳದೆ ಅವನ ಮನೆಗೆ ಹೋಗುತ್ತಾಳೆ. ಹೊಲದ ಕೆಲಸ ನನಗಾಗಲ್ಲ, ನಾನು ವ್ಯಾಪಾರ ಮಾಡ್ತೀನಿ ಅನ್ನುತ್ತಾಳೆ. ಒಣ ಸೀಗಡಿ ಮಾರಿ ಲಾಭ ಮಾಡುತ್ತಾಳೆ, ಊರವರಿಗೆ ಸಾಲ ಕೊಡುತ್ತಾಳೆ, ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸುತ್ತಾಳೆ. ಇದ್ದ ಒಂದು ಮಗು ತೀರಿಕೊಳ್ಳುತ್ತದೆ. ಗಂಡ ಬಿಟ್ಟು ಹೋಗುತ್ತಾನೆ. ಎರಡನೇ ಗಂಡ ಇಲ್ಲದ ಅಪವಾದ ನಂಬಿದಾಗ ಅವಳೇ ಎದ್ದು ಅಪ್ಪನ ಮನೆಗೆ ಬರುತ್ತಾಳೆ.

ನಮ್ಮ ಧಾರಾವಾಹಿಯವರಿಗೆ ಸಿಕ್ಕಿದ್ದರೆ ಮುನ್ನೂರು ಕಂತು ಅಳಿಸುತ್ತಿದ್ದರು. ನ್ವಾಪಾ ಅಳಿಸುವುದಿಲ್ಲ. ಅವರ ಊರು ಒಗುಟಾದ ಕೆರೆಯಲ್ಲಿ ಉಹಾಮಿರಿ ಅನ್ನೋ ದೇವತೆ ಇದ್ದಾಳೆ. ಸಂಪತ್ತು ಕೊಡುತ್ತಾಳೆ, ರೂಪ ಕೊಡುತ್ತಾಳೆ, ಆದರೆ ಅವಳಿಗೇ ಮಕ್ಕಳಿಲ್ಲ. ಮತ್ತೆ ಯಾಕೆ ಹೆಂಗಸರು ಅವಳನ್ನು ಪೂಜಿಸುತ್ತಾರೆ? ಈ ಪ್ರಶ್ನೆ ಕೇಳಿ ಪುಸ್ತಕ ಸುಮ್ನೆ ಮುಗಿದುಬಿಡುತ್ತದೆ. ಮಕ್ಕಳಾಗದವಳಿಗೆ ಬಾಗಿನ ಕೊಡಬೇಕೋ ಬೇಡವೋ ಅಂತ ಪಿಸುಗುಟ್ಟುವುದನ್ನು ಕೇಳಿ ಬೆಳೆದ ನನಗೆ ಆ ಕೊನೆಯ ಪುಟ ತುಂಬಾ ದಿನ ಕಾಡಿತು.

ಗಂಡಸರ ಪುಸ್ತಕಗಳಲ್ಲಿ ಇಂಥವಳು ಬರಲು ತಡವಾಯಿತು ಅನ್ನಬಹುದು. ಇಲ್ಲಿನದೇ ಲೇಖಕ ಚಿನುವಾ ಅಚಿಬೆಯ 1958ರ ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'ನಲ್ಲಿ ಹೆಂಡತಿಯರು ಅಡುಗೆ ಮಾಡುತ್ತಾರೆ, ಏಟು ತಿನ್ನುತ್ತಾರೆ. ಅದೇ ಅಚಿಬೆಯ 1987ರ ಕಾದಂಬರಿ 'ಆಂಟ್‌ಹಿಲ್ಸ್ ಆಫ್ ದ ಸವಾನಾ'ದಲ್ಲಿ ಬರುವ ಬಿಯಾಟ್ರಿಸ್ ಹಣಕಾಸು ಇಲಾಖೆಯ ದೊಡ್ಡ ಅಧಿಕಾರಿ, ಕೊನೆಗೆ ಗಂಡಸರು ಇಡಬೇಕಾದ ಹೆಸರನ್ನು ಕೂಸಿಗೆ ಅವಳೇ ಇಡುತ್ತಾಳೆ. ಅದೂ ಹೆಣ್ಣು ಕೂಸಿಗೆ ಗಂಡು ಹೆಸರು, ಅಮೇಚಿನಾ. ದಾರಿ ಮುಚ್ಚದಿರಲಿ ಅಂತ ಅರ್ಥ. ಚೆನ್ನಾಗಿದ್ದಾಳೆ, ಆದರೂ ನನಗೆ ಎಫುರುನೇ ಜಾಸ್ತಿ ಇಷ್ಟ.

ಮೊನ್ನೆ ಸಂತೆಯ ಅಮ್ಮನಿಗೆ ಇಲ್ಲಿನ ಬೆರಕೆ ಇಂಗ್ಲಿಷ್ ಪಿಜಿನ್‌ನಲ್ಲಿ, ಅದೂ ಮುರುಕು ಮುರುಕಾಗಿ, ಎಫುರು ಕಥೆ ಹೇಳಿದೆ. ಗಂಡಂದಿರ ವಿಷಯಕ್ಕೆ ಸುಮ್ಮನೆ ತಲೆಯಾಡಿಸಿದರು. ಆಮೇಲೆ ಕೇಳಿದ್ದು ಒಂದೇ, ಅವಳು ಸೀಗಡಿ ಎಷ್ಟಕ್ಕೆ ಮಾರುತ್ತಿದ್ದಳು? ಇಲ್ಲಿನ ಈಗಿನ ದುಡ್ಡು ನೈರಾ ಬರುವ ಮೊದಲಿನ ಪೌಂಡು ಶಿಲ್ಲಿಂಗಿನ ಲೆಕ್ಕ, ನನಗೆ ಹೇಳೋಕೆ ಬರಲಿಲ್ಲ.