ಬ ಅಂದ್ರೆ ಬೀನ್

ನನ್ನ ಹೆಸರು ಬಸವರಾಜ. ಊರು ಬಾಗಲಕೋಟೆ. ಅವ್ವನ ತವರು ಬಾದಾಮಿ, ಅಕ್ಕನನ್ನು ಕೊಟ್ಟಿದ್ದು ಬನಹಟ್ಟಿಗೆ, ನನ್ನ ನೌಕರಿ ಬೆಳಗಾವಿಯಲ್ಲಿ. ಇದರಲ್ಲೇನು ವಿಶೇಷ ಅಂತೀರಾ? ನನಗೆ ಉಗ್ಗು ಇದೆ. ಉಳಿದ ಅಕ್ಷರಗಳು ಹೇಗೋ ದಾರಿ ಬಿಡುತ್ತವೆ. ಬ ಮಾತ್ರ ತುಟಿ ತನಕ ಬಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.

ಉಗ್ಗುವವರಿಗೆ ಬಳಸುದಾರಿಗಳು ಚೆನ್ನಾಗಿ ಗೊತ್ತಿರುತ್ತವೆ. ಸಂತೆಯಲ್ಲಿ ನಾನು ಯಾವತ್ತೂ ಬದನೆಕಾಯಿ ಕೇಳಿಲ್ಲ, ‘ಎಣ್ಣಿಗಾಯಿ ಮಾಡ್ತಾರಲ್ರಿ, ಅದು ಅರ್ಧ ಕೇಜಿ’ ಅನ್ನುತ್ತೇನೆ. ಬಸ್ಸಿನಲ್ಲಿ ಬಾಗಲಕೋಟೆ ಅನ್ನಲ್ಲ, ನವನಗರ ಅನ್ನುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋಗಿ ನವನಗರಕ್ಕೆ ಬಂದಾಗ ಆಯಿ, ಅಂದ್ರೆ ನಮ್ಮಜ್ಜಿ, ವಾರಗಟ್ಟಲೆ ಅತ್ತಳು. ನನಗೆ ಒಳಗೊಳಗೇ ಸಮಾಧಾನ ಆಗಿತ್ತು.

ಕಾಲೇಜಿನಲ್ಲಿದ್ದಾಗ ಒಮ್ಮೆ ಬಿಜಾಪುರಕ್ಕೆ ಹೊರಟಿದ್ದೆ. ಕಂಡಕ್ಟರ್ ಬಂದ. ನಾನು ‘ಬಿ... ಬಿ...’ ಅಂದೆ. ಅವನಿಗೆ ಅವಸರ, ಬೀಳಗಿ ಕ್ರಾಸ್ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋದ. ತಪ್ಪಾಗಿದೆ ಅಂತ ಹೇಳೋಕೆ ಮತ್ತೆ ಅದೇ ಅಕ್ಷರ ಬೇಕಲ್ವಾ? ಸುಮ್ನೆ ಬೀಳಗಿ ಕ್ರಾಸ್‌ನಲ್ಲಿ ಇಳಿದೆ. ಮುಂದಿನ ಬಸ್ಸಿಗೆ ಕಾಯುತ್ತಾ ಎರಡು ಸಲ ಚಹಾ ಕುಡಿದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು. ಆ ದಿನ ಇಡೀ ಉತ್ತರ ಕರ್ನಾಟಕದಲ್ಲಿ ನನ್ನಷ್ಟು ಖುಷಿಪಟ್ಟವರು ಯಾರೂ ಇರಲಿಕ್ಕಿಲ್ಲ. ಬೆಳಗಾಂ ಕೂಡ ಅವತ್ತೇ ಬೆಳಗಾವಿ ಆಯಿತು. ಅದರಿಂದ ನನಗೇನೂ ಉಪಯೋಗ ಆಗಲಿಲ್ಲ.

ಮಿಸ್ಟರ್ ಬೀನ್ ನಮ್ಮ ಮನೆಗೆ ಬಂದಿದ್ದು ವಿಸಿಡಿಯಲ್ಲಿ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ. ಸೋದರಮಾವ ತಂದಿದ್ದರು. ಮೊದಲ ಕಂತಿನಲ್ಲೇ ಚರ್ಚಿನ ದೃಶ್ಯ ಇದೆ. ಉಪದೇಶ ನಡೆದಿದೆ. ಬೀನ್‌ಗೆ ನಿದ್ದೆ. ತಲೆ ಜೋಲುತ್ತದೆ, ಎಚ್ಚರಾಗುತ್ತದೆ, ಮತ್ತೆ ಜೋಲುತ್ತದೆ, ಕೊನೆಗೆ ಮನುಷ್ಯ ನೆಲಕ್ಕೇ ಇಳಿಯುತ್ತಾನೆ. ಆಮೇಲೆ ಎಲ್ಲರೂ ಎದ್ದು ನಿಂತು ಹಾಡುತ್ತಾರೆ. ಇವನ ಕೈಯಲ್ಲಿ ಪುಸ್ತಕ ಇಲ್ಲ. ಸಾಲುಗಳನ್ನೆಲ್ಲ ಗುಣುಗುಣು ಅಂತ ತಳ್ಳುತ್ತಾನೆ, ‘ಅಲ್ಲೆಲೂಯಾ’ ಬಂದ ಕೂಡಲೇ ಮಾತ್ರ ಛಾವಣಿ ಹಾರುವ ಹಾಗೆ ಕೂಗುತ್ತಾನೆ.

ಆಯಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಇಂಗ್ಲಿಷ್ ಚರ್ಚನ್ನು ಕಂಡವಳೂ ಅಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ‘ಏ, ಶ್ರಾವಣದಾಗ ಮಠದ ಪುರಾಣಕ್ಕ ಬರೋ ಮಂದಿನೂ ಹಿಂಗ ನೋಡು. ನಿದ್ದಿ ಹೊಡೀತಾರ, ಹರ ಹರ ಮಹಾದೇವ ಅನ್ನೂದಕ್ಕ ಮಾತ್ರ ಎದ್ದ ಕೂಡ್ತಾರ!’ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, ‘ಇಂವಾ ಯಾಕ ಮಾತಾಡವಲ್ಲ? ನಮ್ಮ ಬಸೂನಂಗ ಉಗ್ಗತಾನೇನು?’

ಮಾವ ನಕ್ಕುಬಿಟ್ಟರು. ನಾನು ಎದ್ದು ಹೊರಗೆ ಹೋದೆ.

ಆಯಿ ಹೇಳಿದ್ದು ನಿಜ ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಇಂಜಿನಿಯರಿಂಗ್‌ನಲ್ಲಿ ನಾನು ಎಲೆಕ್ಟ್ರಿಕಲ್. ಒಂದು ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಪ್ಯಾನೆಲ್ ಒಳಗಿನ ತಾಮ್ರದ ಪಟ್ಟಿ ತೋರಿಸಿ ಏನಿದು ಅಂದರು. ಬಸ್‌ಬಾರ್. ಒಂದೇ ಶಬ್ದದಲ್ಲಿ ಎರಡು ಬ! ನನ್ನ ಕುತ್ತಿಗೆ ನರ ಉಬ್ಬಿತೇ ಹೊರತು ಧ್ವನಿ ಬರಲಿಲ್ಲ. ‘ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ನಪ್ಪಾ, ಟೈಮ್ ಯಾಕ ಹಾಳ ಮಾಡ್ತಿ’ ಅಂದರು. ಆ ರಾತ್ರಿ ಸೈಬರ್ ಕೆಫೆಯಲ್ಲಿ ಕೂತು ಉಗ್ಗಿನ ಬಗ್ಗೆ ಹುಡುಕುವಾಗ ಮಿಸ್ಟರ್ ಬೀನ್ ಪಾತ್ರ ಮಾಡಿದ ನಟ ರೋವನ್ ಅಟ್ಕಿನ್ಸನ್ ಹೆಸರು ಕಂಡಿತು.

1955ರಲ್ಲಿ ಇಂಗ್ಲೆಂಡಿನ ಕಾನ್ಸೆಟ್‌ನಲ್ಲಿ ಹುಟ್ಟಿದವರು. ಅಪ್ಪ ಹೊಲ ಇದ್ದವರು. ಓದಿದ್ದು ನ್ಯೂಕ್ಯಾಸಲ್‌ನಲ್ಲಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್! ಉಗ್ಗು ಇದೆ. ಅದರಲ್ಲೂ ತೊಂದರೆ ಕೊಡುವುದು ಬ. ನಾನು ಸ್ಕ್ರೀನಿಗೆ ಇನ್ನೂ ಹತ್ತಿರ ಸರಿದೆ. ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ರಿಚರ್ಡ್ ಕರ್ಟಿಸ್ ಅನ್ನೋ ಬರಹಗಾರ ಗೆಳೆಯ ಸಿಕ್ಕರು, ಮುಂದೆ ಬೀನ್‌ನನ್ನು ಕಟ್ಟಿದ್ದೂ ಅವರ ಜೊತೆಗೇ. ಈ ಪಾತ್ರ ಟಿವಿಗೆ ಬರುವ ಮುಂಚೆ, 1987ರಲ್ಲಿ, ಕೆನಡಾದ ಮಾಂಟ್ರಿಯಲ್ ಹಾಸ್ಯೋತ್ಸವಕ್ಕೆ ಹೋದರು. ಅಲ್ಲಿ ಇಂಗ್ಲಿಷ್ ಕಾರ್ಯಕ್ರಮ ಬೇಡ, ಫ್ರೆಂಚ್ ಮಾತಾಡುವವರ ಎದುರಿಗೇ ಆಡುತ್ತೇನೆ ಅಂದರು. ಭಾಷೆ ಇಲ್ಲದೆ ಇದು ನಿಲ್ಲುತ್ತದಾ ಅಂತ ನೋಡಬೇಕಿತ್ತು. ನಿಂತಿತು. ಆಯಿಯನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

1990ರ ಜನವರಿ 1ಕ್ಕೆ ಮೊದಲ ಕಂತು ಬಂತು. ಎಲ್ಲ ಸೇರಿ ಬರೀ 15 ಕಂತು. ನಮ್ಮ ಧಾರಾವಾಹಿಗಳು ಅಷ್ಟರಲ್ಲಿ ಒಂದು ನಿಶ್ಚಿತಾರ್ಥ ಕೂಡ ಮುಗಿಸಲ್ಲ.

ನನಗೆ ಮಜಾ ಅನ್ನಿಸಿದ್ದು ಹೆಸರಿನ ವಿಷಯ. ಪಾತ್ರಕ್ಕೆ ತರಕಾರಿ ಹೆಸರು ಹುಡುಕುವಾಗ ಕಾಲಿಫ್ಲವರ್ ಕೂಡ ಲೆಕ್ಕದಲ್ಲಿತ್ತಂತೆ. ಬಾಯಿಗೆ ಸಲೀಸು. ಕೊನೆಗೆ ಇಟ್ಟುಕೊಂಡಿದ್ದು ಬೀನ್. ಅದಕ್ಕೂ ಮುಂಚೆ ಅವರಿಗೆ ದೊಡ್ಡ ಹೆಸರು ತಂದ ಧಾರಾವಾಹಿ ಬ್ಲ್ಯಾಕ್‌ಆಡರ್. ಅದರಲ್ಲಿ ‘ಬಾಬ್’ ಅನ್ನೋ ಹೆಸರನ್ನು ಅವರು ಹೇಳುವುದು ಕೇಳಬೇಕು. ತುಟಿ ಒತ್ತಿ, ಒಳಗೆ ಗಾಳಿ ತುಂಬಿ, ಪಟಾಕಿ ಹಾರಿಸಿದ ಹಾಗೆ ಬಿಡುತ್ತಾರೆ. ಜನ ಬಿದ್ದು ನಗುತ್ತಾರೆ. ನಾನು ನಗಲಿಲ್ಲ, ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಅದನ್ನೇ ಹಾಕಿ ಹಾಕಿ ನೋಡಿದೆ. ಗಟ್ಟಿ ಅಕ್ಷರವನ್ನು ಬೇಕಂತಲೇ ಇನ್ನೂ ಗಟ್ಟಿ ಮಾಡಿ ಹೇಳುವುದು ಅವರ ಉಪಾಯ. ನಾನು ಬ ಕಂಡರೆ ಓಡುತ್ತಿದ್ದೆ.

ಇನ್ನೊಂದು ಮಾತೂ ಅವರು ಹೇಳಿದ್ದಾರೆ. ಬೇರೆ ಪಾತ್ರ ಆದ ಕೂಡಲೇ ಉಗ್ಗು ಮಾಯವಾಗುತ್ತದಂತೆ. ಇದು ನನಗೂ ಗೊತ್ತಿತ್ತು, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಸ್ಟೆಲ್‌ನಲ್ಲಿ ನಾನು ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಕೂಗುವ ಮಿಮಿಕ್ರಿ ಮಾಡುತ್ತಿದ್ದೆ. ಮೂಗಿನಲ್ಲಿ, ರಾಗ ಎಳೆದು, ‘ಬಾದಾಮಿ ಬಾದಾಮಿ ಬಾದಾಮೀ’. ಒಂದು ಸಲವೂ ಸಿಕ್ಕಿಕೊಂಡಿದ್ದಿಲ್ಲ.

ಹೋದ ಜನವರಿಯಲ್ಲಿ ಮಗನನ್ನು ಕರೆದುಕೊಂಡು ಬನಶಂಕರಿ ಜಾತ್ರೆಗೆ ಹೊರಟಿದ್ದೆ. ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಬಂದು ‘ಎಲ್ಲಿಗ್ರಿ?’ ಅಂದ. ಬಾಯಿ ತೆರೆದೆ. ಚಿಲಕ ಬಿತ್ತು. ಮಗ ನನ್ನ ಮುಖ ನೋಡಿದ. ನಾನು ಕಣ್ಣು ಮುಚ್ಚಿ ಮೂಗಿನಲ್ಲೇ ಕೂಗಿದೆ, ‘ಬಾದಾಮಿ ಬಾದಾಮಿ ಬಾದಾಮೀ!’

ಅಕ್ಕಪಕ್ಕದವರೆಲ್ಲ ತಿರುಗಿದರು. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಸ್ಟಾಫ್ ಏನ್ರಿ? ಪಾಸ್ ತೋರಸ್ರಿ’ ಅಂದ.

‘ಅಲ್ರಿ, ಒಂದೂವರಿ ಕೊಡ್ರಿ’ ಅಂದೆ. ಅದರಲ್ಲಿ ಬ ಇರಲಿಲ್ಲ.