ಬೆಳಿಗ್ಗೆ ಇರದಿದ್ದ ಪೀಕ್

ಚಿನ್ನ, ಪಲ್ಲಾಡಿಯಂ ಎಂಬ ಲೋಹ ಎರಡೂ ಬೆರೆತ ಆ ಹರಳು ಹೆಬ್ಬೆರಳಿನ ಉಗುರಿನಷ್ಟು. ಅದರ ಮೇಲ್ಮೈಯಲ್ಲಿ ಪಲ್ಲಾಡಿಯಂ ಪರಮಾಣುಗಳು ಹೇಗೆ ಕೂತಿವೆ ಅಂತ ನೋಡಬೇಕಿತ್ತು. ಅದನ್ನು ಶುಚಿ ಮಾಡುವುದಕ್ಕೇ ಎರಡು ದಿನ ಹಿಡಿಯಿತು. ಆರ್ಗಾನ್ ಅಯಾನುಗಳಿಂದ ಹೊಡೆಯುವುದು, ಕಾಯಿಸುವುದು, ಮತ್ತೆ ಹೊಡೆಯುವುದು. ಚೇಂಬರಿನೊಳಗೆ ನಿರ್ವಾತ ಅಷ್ಟು ಗಟ್ಟಿಯಾಗಿ ಇರಲೇಬೇಕು. ಟಾರ್ ಎಂಬ ಒತ್ತಡದ ಅಳತೆಯ ಹತ್ತು ಲಕ್ಷದಲ್ಲಿ ಒಂದು ಪಾಲು ಒತ್ತಡ ಉಳಿದರೂ, ಸುಮಾರು ಒಂದು ಸೆಕೆಂಡಿನಲ್ಲಿ ಮೇಲ್ಮೈ ಪೂರ್ತಿ ಅನಿಲ ಕೂತುಬಿಡಬಹುದು.

ಮೂರನೇ ದಿನ ಬೆಳಿಗ್ಗೆ ಡಿಟೆಕ್ಟರಿಗೆ ದ್ರವ ನೈಟ್ರೋಜನ್ ಹೊಯ್ದು ಕಾದು ಕೂತೆ. ಅವಕೆಂಪು ಕಿರಣದ ದಾರಿಯಲ್ಲಿ ಒಂಚೂರು ನೀರಾವಿ ಇದ್ದರೂ ಸ್ಪೆಕ್ಟ್ರಮ್ ತುಂಬಾ, ಅಂದರೆ ಯಾವ ಕಿರಣ ಎಷ್ಟು ಹೀರಿಕೆಯಾಯಿತು ಅಂತ ತೋರಿಸುವ ಗೆರೆಯ ತುಂಬಾ, ಗರಗಸದ ಹಲ್ಲುಗಳು. ಗೆರೆ ಸಪಾಟಾದ ಮೇಲೆ ಕಾರ್ಬನ್ ಮಾನಾಕ್ಸೈಡ್ ಬಿಟ್ಟೆ.

ಈ ಅಣು ನನಗೆ ತುಂಬಾ ಇಷ್ಟ. ಒಂಟಿಯಾಗಿ ಗಾಳಿಯಲ್ಲಿದ್ದಾಗ ಅದರ ಕಂಪನ 2143 ಸೆಂ.ಮೀ.⁻¹, ಅಂದರೆ ಅದು ಹೀರುವ ಬೆಳಕಿನ ಇಷ್ಟು ಅಲೆಗಳು ಒಂದು ಸೆಂಟಿಮೀಟರಿನಲ್ಲಿ. ಲೋಹದ ಮೇಲೆ ಕೂತರೆ ಈ ಸಂಖ್ಯೆ ಬದಲಾಗುತ್ತದೆ. ಎಲ್ಲಿ ಕೂತಿದೆ ಅಂತ ಅದೇ ಹೇಳಿಬಿಡುತ್ತದೆ. ಒಂದೇ ಪಲ್ಲಾಡಿಯಂ ಪರಮಾಣುವಿನ ನೆತ್ತಿಯ ಮೇಲಿದ್ದರೆ 2080ರ ಆಸುಪಾಸು. ಎರಡರ ನಡುವೆ ಸೇತುವೆಯ ಹಾಗೆ ಕೂತರೆ 2000ಕ್ಕಿಂತ ಕೆಳಗೆ. ಹಾಗಾಗಿ ಸ್ಪೆಕ್ಟ್ರಮ್‌ನಲ್ಲಿ ಸೇತುವೆಯ ಪೀಕ್, ಅಂದರೆ ಆ ಸಂಖ್ಯೆಯ ಬಳಿ ಒಂದು ಉಬ್ಬು, ಕಂಡರೆ, ಎರಡು ಪಲ್ಲಾಡಿಯಂ ಅಕ್ಕಪಕ್ಕ ಇವೆ ಅಂತಲೇ ಅರ್ಥ, ಅಲ್ವಾ?

ಬೆಳಿಗ್ಗೆ ಕಂಡಿದ್ದು ಮೇಲಿನ ಪೀಕ್ ಮಾತ್ರ. ಸಣ್ಣದು, ಚೂಪಾದದ್ದು. ಪಲ್ಲಾಡಿಯಂ ಪರಮಾಣುಗಳು ಚಿನ್ನದ ನಡುವೆ ಒಂಟೊಂಟಿಯಾಗಿವೆ ಅಂತ ಖುಷಿಪಟ್ಟೆ. ಆಮೇಲೆ ಅನಿಲದ ಒತ್ತಡ ಜಾಸ್ತಿ ಮಾಡಿ, ಹರಳನ್ನು ಅನಿಲದಲ್ಲೇ ಬಿಟ್ಟು ಊಟಕ್ಕೆ ಹೋದೆ.

ವಾಪಸ್ ಬಂದು ನೋಡಿದರೆ 1950ರ ಹತ್ತಿರ ಒಂದು ಅಗಲವಾದ ಉಬ್ಬು. ಮೊದಲು ಕೊಳೆ ಅಂದುಕೊಂಡೆ. ಮತ್ತೆ ಸ್ಕ್ಯಾನ್ ಮಾಡಿದೆ. ಇನ್ನಷ್ಟು ಎತ್ತರ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ನನ್ನ ಕಣ್ಣೆದುರೇ ಬೆಳೆಯುತ್ತಿತ್ತು! ಆಗ ಹೊಳೆಯಿತು. ಕಾರ್ಬನ್ ಮಾನಾಕ್ಸೈಡ್‌ಗೆ ಚಿನ್ನಕ್ಕಿಂತ ಪಲ್ಲಾಡಿಯಂ ಮೇಲೆ ಹಿಡಿತ ಜಾಸ್ತಿ. ಒಳಪದರದಲ್ಲಿದ್ದ ಪಲ್ಲಾಡಿಯಂ ಅನ್ನು ಅದು ಮೇಲಕ್ಕೆ ಸೆಳೆಯುತ್ತಿತ್ತು. ಪಕ್ಕಪಕ್ಕದಲ್ಲಿ ಜೋಡಿಗಳು ಹುಟ್ಟುತ್ತಿದ್ದವು. ಮೇಲ್ಮೈ ಹೇಗಿದೆ ಅಂತ ನೋಡಿ ಬರಲು ನಾನು ಕಳಿಸಿದ ಅಣುವೇ ಅದನ್ನು ಬದಲಿಸುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಅನಿಲ ಹೊರಹಾಕಿ, ನಿರ್ವಾತದಲ್ಲಿ ಹರಳನ್ನು ಚೆನ್ನಾಗಿ ಕಾಯಿಸಿದೆ. ಸೆಳೆಯುವ ಅನಿಲ ಇಲ್ಲದಿದ್ದರೆ ಮೇಲೆ ಬರುವುದು ಚಿನ್ನ. ತಣಿಸಿ, ಬೆಳಿಗ್ಗೆಯಷ್ಟೇ ಅನಿಲ ಬಿಟ್ಟೆ. ಸೇತುವೆಯ ಪೀಕ್ ಹೋಗಿತ್ತು. 2080ರ ಹತ್ತಿರದ ಚೂಪು ಪೀಕ್ ಮತ್ತೆ ಒಂದೇ ನಿಂತಿತ್ತು.

ರಾತ್ರಿ ಹಳೆಯ ನೋಟ್‌ಬುಕ್ ತೆಗೆದೆ. ಪ್ರತಿ ಅಳತೆಯ ಪಕ್ಕ ಒತ್ತಡ ಇದೆ, ತಾಪಮಾನ ಇದೆ. ಹರಳು ಎಷ್ಟು ಹೊತ್ತು ಅನಿಲದಲ್ಲಿತ್ತು ಅಂತ ಮಾತ್ರ ಎಲ್ಲೂ ಇಲ್ಲ. ಹೊಸ ಪುಟದಲ್ಲಿ ಅದಕ್ಕೊಂದು ಕಾಲಂ ಎಳೆದು, ಮೊದಲ ಹರಳಿನಿಂದ ಮತ್ತೆ ಶುರು ಮಾಡಿದೆ.