ವೇಪ್ ಎಳೆಯೋರು ಒಂದ್ಸಲ ಕನ್ನಡೀಲಿ ನಾಲಿಗೆ ನೋಡ್ಕೊಳ್ಳಿ

ಸಿಗರೇಟಾದ್ರೆ ಮನೇಲಿ ವಾಸನೆ ಗೊತ್ತಾಗತ್ತೆ ಅಂತ ನಮ್ಮ ಮಡಿಕೇರಿ, ಗೋಣಿಕೊಪ್ಪ ಕಡೆ ಹುಡುಗ್ರು ಸುಮಾರು ಜನ ವೇಪ್ ಅಂದ್ರೆ ಇ-ಸಿಗರೇಟ್ ಹಿಡ್ಕೊಂಡಿದಾರೆ, ಮಾವಿನಹಣ್ಣು ಪುದೀನ ಘಮ ಬಂದ್ರೆ ಯಾರು ಕೇಳ್ತಾರೆ ಹೇಳಿ. ಶ್ವಾಸಕೋಶದ ಮಾತು ಎಲ್ರೂ ಆಡ್ತಾರೆ, ಆದ್ರೆ ಆ ಹೊಗೆ ಮೊದ್ಲು ಮುಟ್ಟೋದು ಬಾಯಿನ, ಅದ್ರ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಬೆಂಗ್ಳೂರಲ್ಲಿ ಕೆಲಸ ಮಾಡೋ, ವೇಪ್ ಎಳೆಯೋ ನಮ್ಮ ಚಿಕ್ಕಪ್ಪನ ಮಗ ಕೈಲ್‌ಪೋಳ್ದ್ ಹಬ್ಬಕ್ಕೆ ಊರಿಗೆ ಬಂದಿದ್ದ. ಚಿಕ್ಕಮ್ಮ ಪಂದಿಕರಿ, ಕಡಂಬುಟ್ಟು ಮಾಡಿದ್ರು. ಎರಡು ತುತ್ತು ತಿಂದು "ಅಮ್ಮಾ, ಕಾಚಂಪುಳಿ ಹಾಕೇ ಇಲ್ವಾ" ಅಂದ, ನಮಗೆಲ್ಲಾ ಅದ್ರ ಹುಳಿ ಹಲ್ಲಿಗೆ ಹತ್ತೋಷ್ಟಿತ್ತು. ಬೆಲ್ಲದ ಕಾಫೀನೂ ಬಿಸಿನೀರು ಕುಡಿದ ಹಾಗಾಗತ್ತಂತೆ. ಎಲ್ಲಿ ನಾಲಿಗೆ ತೋರ್ಸೋ ಅಂದೆ, ಮಧ್ಯದಲ್ಲಿ ದಪ್ಪಗೆ ಬೆಳ್ಳಗೆ ಅಗ್ರು ಕೂತಿತ್ತು, ತುಟಿ ಒಳಗಡೆ ಒಣಗಿ ಅಂಟಂಟು.

ಇದು ಯಾಕಾಗತ್ತೆ ಅಂದ್ರೆ ವೇಪ್ ಲಿಕ್ವಿಡ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಇರತ್ತೆ, ಎರಡೂ ನೀರು ಹೀರೋ ಪದಾರ್ಥ, ಎಳೆದಾಗೆಲ್ಲಾ ಬಾಯಿ ಒಣಗತ್ತೆ. ರುಚಿ ಗೊತ್ತಾಗ್ಬೇಕಾದ್ರೆ ಊಟ ಎಂಜಲಲ್ಲಿ ಕರಗ್ಬೇಕು, ಎಂಜಲೇ ಕಮ್ಮಿ ಆದ್ರೆ ನಾಲಿಗೆ ತಾನೇ ಏನು ಮಾಡತ್ತೆ? ನಮ್ಮಲ್ಲಿ ಮಳೆಗಾಲದ ಚಳೀಲಿ ನೀರು ಕುಡಿಯೋದೂ ಅಷ್ಟಕ್ಕಷ್ಟೇ, ಇನ್ನೂ ಕಷ್ಟ. ಹೀಗೆ ಹೋದ ರುಚಿ ಸಾಮಾನ್ಯವಾಗಿ ಕೆಲವು ದಿನಕ್ಕೆ ವಾಪಸ್ ಬರತ್ತೆ, ನಿಜ. ಆದ್ರೆ ಎಂಜಲು ಬರೀ ರುಚಿಗಲ್ಲ ಅಲ್ವಾ, ಹಲ್ಲು ತೊಳೆಯೋದು, ಆಸಿಡ್ ತಡೆಯೋದು ಎಲ್ಲಾ ಅದೇ. ಬಾಯಿ ಒಣಗಿದ್ರೆ ಹುಳುಕು, ಫಂಗಸ್, ಕೆಟ್ಟ ವಾಸನೆ ಒಂದರ ಹಿಂದೆ ಒಂದು ಬರತ್ತೆ, ಸಿಹಿ ಫ್ಲೇವರ್ ಆದ್ರಂತೂ ಹಲ್ಲಿಗೆ ಅಂಟ್ಕೊಂಡು ಬ್ಯಾಕ್ಟೀರಿಯಾ ಕೂರೋಕೆ ಜಾಗ ಮಾಡ್ಕೊಡತ್ತೆ.

ನನಗೆ ತುಂಬಾ ಭಯ ಆಗೋದು ವಸಡಿನ ವಿಷಯಕ್ಕೆ. ವಸಡು ಕೆಟ್ರೆ ಬ್ರಶ್ ಮಾಡುವಾಗ ರಕ್ತ ಬರ್ಬೇಕು, ಅದೇ ನಮಗೆ ಎಚ್ಚರಿಕೆ. ನಿಕೋಟಿನ್ ರಕ್ತನಾಳಗಳನ್ನ ಬಿಗಿ ಮಾಡೋದ್ರಿಂದ ಆ ರಕ್ತಾನೂ ಸರಿಯಾಗಿ ಬರಲ್ಲ, ಒಳಗೆ ಕೊಳೀತಾ ಇದ್ರೂ ಹೊರಗೆ ಚೆನ್ನಾಗೇ ಕಾಣತ್ತೆ.

"ನಂದ್ರಲ್ಲಿ ನಿಕೋಟಿನ್ ಇಲ್ಲ" ಅಂತಾರೆ ಕೆಲವರು. ನಮ್ಮ ದೇಶದಲ್ಲಿ ಇ-ಸಿಗರೇಟ್ ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲಾ 2019ರಲ್ಲೇ ಬ್ಯಾನ್ ಆಗಿದೆ, ಕದ್ದು ಬರೋ ಮಾಲಿನ ಮೇಲೆ ಬರೆದಿದ್ದನ್ನ ಯಾರು ಚೆಕ್ ಮಾಡಿರ್ತಾರೆ, ಅದನ್ನ ನಂಬಿ ಬಾಯಿಗಿಡೋದಾ?

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರ ಆದ್ರೂ ವಾಸಿ ಆಗ್ದಿದ್ರೆ ಸುಮ್ನೆ ಕೂರ್ಬೇಡಿ, ವಿರಾಜಪೇಟೇಲಿ ಡೆಂಟಲ್ ಕಾಲೇಜೇ ಇದೆ, ಹೋಗಿ ತೋರ್ಸಿ. ವೇಪ್ ಮಾಡ್ತೀನಿ ಅಂತ ಡಾಕ್ಟರಿಗೆ ನೇರವಾಗಿ ಹೇಳಿ, ಅಪ್ಪ ಅಮ್ಮ ಜೊತೇಲಿ ಇದ್ರೆ ಅವ್ರನ್ನ ಹೊರಗೆ ಕೂರ್ಸಿಯಾದ್ರೂ ಹೇಳಿ. ಬಿಡ್ಬೇಕು ಅನ್ಸಿದ್ರೆ 1800 11 2356ಗೆ ಫೋನ್ ಮಾಡಿ, ತಂಬಾಕು ಬಿಡೋರಿಗೆ ಅಂತಾನೇ ಸರ್ಕಾರ ಇಟ್ಟಿರೋ ನಂಬರ್, ದುಡ್ಡೇನೂ ಇಲ್ಲ.